ಅಸಲನ್ನೇ ಲಾಭವೆಂದು ಎಣಿಸಿದಾಗ: ಡಿಸ್ನಿ ಸಂಸ್ಥೆಯ ಅನುಭವ

ಉದ್ಯಮವೊಂದರ ಆಸ್ತಿಗಳಲ್ಲಿ ಅತ್ಯಂತ ಬೆಲೆಬಾಳುವುದು ಗ್ರಾಹಕರ ವಿಶ್ವಾಸ. ಆದರೆ ಅಢಾವೆ ಪತ್ರಿಕೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಸಂಸ್ಥೆಯು ತನ್ನ ದುಡಿಮೆಯಿಂದ ಗಳಿಸಿದ ಕೀರ್ತಿಮೌಲ್ಯವನ್ನು, ಅಂದರೆ ಗುಡ್‌ವಿಲ್ಲನ್ನು, ಆಸ್ತಿಯೆಂದು ತೋರಿಸಲು ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26 ಅವಕಾಶ ಕೊಡುವುದಿಲ್ಲ. ಬೇರೊಂದು ಉದ್ಯಮವನ್ನು ಕೊಳ್ಳುವಾಗ ಬೆಲೆ ತೆತ್ತು ಪಡೆದ ಕೀರ್ತಿಮೌಲ್ಯ ಮಾತ್ರ ಪುಸ್ತಕಕ್ಕೆ ಬರುತ್ತದೆ. ಅಮೆರಿಕದ ನಿಯಮಗಳೂ ಈ ವಿಷಯದಲ್ಲಿ ಹೀಗೆಯೇ ಇವೆ. ಪುಸ್ತಕದಲ್ಲಿಲ್ಲದ ಆಸ್ತಿ ಸವೆದರೆ ಆ ಸವಕಳಿಯೂ ಪುಸ್ತಕದಲ್ಲಿ ಕಾಣದು. ಇದರ ಪರಿಣಾಮವನ್ನು ಅರಿಯಲು ವಾಲ್ಟ್ ಡಿಸ್ನಿ ಕಂಪನಿಯ 1994ರಿಂದ 2006ರವರೆಗಿನ ವೃತ್ತಾಂತ ಉತ್ತಮ ನಿದರ್ಶನ.

ಕೀರ್ತಿಯ ಸಂಪಾದನೆ

1923ರಲ್ಲಿ ವಾಲ್ಟ್ ಮತ್ತು ರಾಯ್ ಡಿಸ್ನಿ ಸಹೋದರರು ಸ್ಥಾಪಿಸಿದ ಈ ಸಂಸ್ಥೆಯು 1937ರ 'ಸ್ನೋ ವೈಟ್' ಚಿತ್ರದಿಂದ ಮನೆಮಾತಾಯಿತು. ಮಕ್ಕಳನ್ನು ನಿಶ್ಚಿಂತೆಯಿಂದ ಕರೆದೊಯ್ಯಬಹುದಾದ ಚಿತ್ರ ಎಂಬ ನಂಬಿಕೆಯೇ ಅದರ ಬಂಡವಾಳ. 1966ರಲ್ಲಿ ವಾಲ್ಟ್ ನಿಧನರಾದ ಬಳಿಕ ಮಂಕಾಗಿದ್ದ ಸಂಸ್ಥೆಗೆ 1984ರಲ್ಲಿ ಮೈಕೆಲ್ ಐಸ್ನರ್ ಮುಖ್ಯಸ್ಥರಾದರು. 'ದಿ ಲಿಟಲ್ ಮರ್ಮೇಡ್' (1989), 'ಬ್ಯೂಟಿ ಅಂಡ್ ದಿ ಬೀಸ್ಟ್' (1991), 'ಅಲ್ಲಾದ್ದೀನ್' (1992) ಮತ್ತು 'ದಿ ಲಯನ್ ಕಿಂಗ್' (1994) ಚಿತ್ರಗಳು ಹಳೆಯ ಕೀರ್ತಿಯನ್ನು ಮರಳಿ ತಂದವು.

ಅಗ್ಗದ ಮುಂದುವರಿಕೆಗಳು

1994ರಲ್ಲಿ 'ಅಲ್ಲಾದ್ದೀನ್' ಕಥೆಯ ಮುಂದುವರಿದ ಭಾಗವನ್ನು ಚಿತ್ರಮಂದಿರಕ್ಕೆ ತಾರದೆ ನೇರವಾಗಿ ವಿಡಿಯೋ ಕ್ಯಾಸೆಟ್ ರೂಪದಲ್ಲಿ ಮಾರಲಾಯಿತು. ಖರ್ಚು ಕಡಿಮೆ, ಮಾರಾಟ ಅಪಾರ. ಮೊದಲ ಚಿತ್ರದ ಹೆಸರನ್ನು ನಂಬಿ ಜನ ಕೊಂಡರು. ಈ ಮಾರ್ಗ ಸುಲಭವೆನಿಸಿತು. 1955ರ 'ಲೇಡಿ ಅಂಡ್ ದಿ ಟ್ರ್ಯಾಂಪ್' ಚಿತ್ರಕ್ಕೆ 2001ರಲ್ಲಿಯೂ, 1950ರ 'ಸಿಂಡ್ರೆಲಾ'ಗೆ 2002ರಲ್ಲಿಯೂ ಇಂತಹ ಮುಂದುವರಿಕೆಗಳು ಬಂದವು. ಮೂಲಚಿತ್ರಗಳ ಗುಣಮಟ್ಟ ಇವುಗಳಲ್ಲಿ ಇಲ್ಲವೆಂಬ ದೂರು ವಿಮರ್ಶಕರಿಂದಲೂ ಅಭಿಮಾನಿಗಳಿಂದಲೂ ಕೇಳಿಬಂದಿತು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಗ್ಗದ ಚಿತ್ರದ ಖಾತೆಗೆ ಅದರ ತಯಾರಿಕಾ ವೆಚ್ಚ ಮತ್ತು ಮಾರಾಟದ ವೆಚ್ಚ ಮಾತ್ರ ಖರ್ಚು ಬೀಳುತ್ತದೆ. ಮೂಲಚಿತ್ರದ ಹೆಸರಿಗೆ ತಗುಲಿದ ಸವಕಳಿ ಯಾವ ಖಾತೆಗೂ ಖರ್ಚಾಗುವುದಿಲ್ಲ. ಹೀಗಾಗಿ ಅಸಲು ಕರಗಿ ಬಂದ ಹಣವೂ ಲಾಭವೆಂದೇ ತೋರುತ್ತದೆ.

ಇತ್ತ ಹೊಸ ಚಿತ್ರಗಳು ಸೊರಗಿದವು. 2002ರ 'ಟ್ರೆಷರ್ ಪ್ಲಾನೆಟ್' ಸೋತು, ಸಂಸ್ಥೆ 7.4 ಕೋಟಿ ಡಾಲರ್‌ಗಳ ನಷ್ಟವನ್ನು ಪುಸ್ತಕದಲ್ಲಿ ದಾಖಲಿಸಬೇಕಾಯಿತು. ಅದೇ ಕಾಲದಲ್ಲಿ ಡಿಸ್ನಿ ವಿತರಿಸಿದ 'ಫೈಂಡಿಂಗ್ ನೀಮೊ' (2003) ಭಾರೀ ಯಶಸ್ಸು ಕಂಡಿತು. ಆದರೆ ಅದನ್ನು ತಯಾರಿಸಿದ್ದು ಪಿಕ್ಸಾರ್ ಎಂಬ ಬೇರೆ ಸಂಸ್ಥೆ. 2004ರ ಜನವರಿಯಲ್ಲಿ ಪಿಕ್ಸಾರ್ ಒಪ್ಪಂದ ನವೀಕರಣದ ಮಾತುಕತೆಯನ್ನು ಮುರಿದುಕೊಂಡಿತು.

ಷೇರುದಾರರ ತೀರ್ಪು

2003ರ ನವೆಂಬರ್ 30ರಂದು ಸಂಸ್ಥಾಪಕ ರಾಯ್ ಅವರ ಪುತ್ರ ರಾಯ್ ಇ. ಡಿಸ್ನಿ ನಿರ್ದೇಶಕ ಮಂಡಳಿಗೆ ರಾಜೀನಾಮೆ ನೀಡಿದರು. ಸಂಸ್ಥೆಯು ತತ್ಕ್ಷಣದ ಹಣದ ಬೆನ್ನು ಹತ್ತಿ ಆತ್ಮವನ್ನು ಕಳೆದುಕೊಂಡಿದೆ ಎಂಬ ಭಾವನೆ ಜನರಲ್ಲಿ ಬೇರೂರಿದೆಯೆಂಬುದು ಅವರ ಪತ್ರದ ಆಕ್ಷೇಪಗಳಲ್ಲೊಂದು. ಸ್ಟ್ಯಾನ್ಲಿ ಗೋಲ್ಡ್ ಅವರೊಡನೆ ಅವರು 'ಸೇವ್ ಡಿಸ್ನಿ' ಚಳವಳಿ ಆರಂಭಿಸಿದರು. 2004ರ ಮಾರ್ಚ್ 3ರಂದು ಫಿಲಡೆಲ್ಫಿಯಾದಲ್ಲಿ ನಡೆದ ವಾರ್ಷಿಕ ಮಹಾಸಭೆಯ ಪ್ರಾಥಮಿಕ ಎಣಿಕೆಯಲ್ಲಿ ಸುಮಾರು ಶೇ. 43ರಷ್ಟು ಮತಗಳನ್ನು ಐಸ್ನರ್‌ಗೆ ನೀಡದೆ ತಡೆಹಿಡಿಯಲಾಗಿತ್ತು. ಅಂದೇ ಅಧ್ಯಕ್ಷ ಸ್ಥಾನ ಅವರ ಕೈತಪ್ಪಿತು. 2005ರ ಸೆಪ್ಟೆಂಬರ್‌ನಲ್ಲಿ ಅವರು ಮುಖ್ಯಾಧಿಕಾರಿಯ ಹುದ್ದೆಯನ್ನೂ ತೊರೆದರು.

ವಿಸ್ಮಯದ ಸಂಗತಿಯೆಂದರೆ, 2003ರಲ್ಲಿ ಸುಮಾರು 127 ಕೋಟಿ ಡಾಲರ್‌ ಇದ್ದ ನಿವ್ವಳ ಲಾಭ 2004ರ ಲೆಕ್ಕವರ್ಷದಲ್ಲಿ ಸುಮಾರು 234 ಕೋಟಿಗೆ ಏರಿತ್ತು. ಲಾಭ-ನಷ್ಟದ ತಖ್ತೆ ಒಂದು ಮಾತು ಹೇಳುತ್ತಿತ್ತು, ಜನರ ಮನಸ್ಸು ಬೇರೆಯದನ್ನೇ ಹೇಳುತ್ತಿತ್ತು.

ಮರಳಿ ಕೊಂಡ ಕೀರ್ತಿ

2005ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಉದ್ಘಾಟನೆಯಾಯಿತು. ಅಲ್ಲಿನ ಮೆರವಣಿಗೆಯನ್ನು ನೋಡುತ್ತಿದ್ದ ನಿಯೋಜಿತ ಮುಖ್ಯಸ್ಥ ಬಾಬ್ ಐಗರ್ ಒಂದು ಸಂಗತಿಯನ್ನು ಗಮನಿಸಿದರು: ಕಳೆದ ಹತ್ತು ವರ್ಷಗಳಲ್ಲಿ ಸೃಷ್ಟಿಯಾದ ಪಾತ್ರಗಳೆಲ್ಲ ಪಿಕ್ಸಾರ್‌ನವು. ಮರುವರ್ಷವೇ ಡಿಸ್ನಿ ಸುಮಾರು 740 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ನೀಡಿ ಪಿಕ್ಸಾರನ್ನು ಕೊಂಡಿತು. ಆ ಬೆಲೆಯ ಬಹುಪಾಲು ಕೀರ್ತಿಮೌಲ್ಯವೆಂದೇ ದಾಖಲಾಯಿತು. ಪುಸ್ತಕದಲ್ಲಿ ಕಾಣದೆ ಕರಗಿದ್ದನ್ನು ಬೆಲೆ ತೆತ್ತು ಪುಸ್ತಕಕ್ಕೆ ತರಬೇಕಾಯಿತು. 2007ರಲ್ಲಿ ಹಳೆಯ ಚಿತ್ರಗಳ ಅಗ್ಗದ ಮುಂದುವರಿಕೆಗಳನ್ನು ನಿಲ್ಲಿಸುವ ತೀರ್ಮಾನವಾಯಿತು.

ಪಾಠ ಒಮ್ಮೆ ಕಲಿತರೆ ಸಾಲದು. 2023ರ ವಾರ್ಷಿಕ ವರದಿಯಲ್ಲಿ ಡಿಸ್ನಿ ಸಂಸ್ಥೆಯೇ ತನ್ನ ಕೃತಿಗಳು ಜನರ ಅಭಿರುಚಿಗೆ ಹೊಂದದಿರುವ ಅಪಾಯವನ್ನು ನಮೂದಿಸಿತು. ಸಂಖ್ಯೆ ಹೆಚ್ಚಿಸಲು ಹೋಗಿ ಗುಣಮಟ್ಟಕ್ಕೆ ಧಕ್ಕೆಯಾಯಿತೆಂದು ಐಗರ್ ಅದೇ ವರ್ಷ ಒಪ್ಪಿಕೊಂಡರು.

ನಮ್ಮ ಉದ್ಯಮಿಗಳಿಗೆ

ಅಗರಬತ್ತಿ, ಉಪ್ಪಿನಕಾಯಿ, ಸಿದ್ಧ ಉಡುಪು ಅಥವಾ ಯಂತ್ರದ ಬಿಡಿಭಾಗ, ಸರಕು ಯಾವುದೇ ಆಗಲಿ, ಈ ಕೆಳಗಿನ ಅಂಶಗಳು ಪರಿಶೀಲನಾರ್ಹ:

1. ಕಡಿಮೆ ದರ್ಜೆಯ ಸರಕನ್ನು ಮಾರುವುದು ಅನಿವಾರ್ಯವಾದರೆ ಹೆಸರು ಮಾಡಿದ ಲೇಬಲ್ಲನ್ನು ಅದಕ್ಕೆ ಅಂಟಿಸಬಾರದು.

2. ಮಾರ್ಚ್ ಅಂತ್ಯದಲ್ಲಿ ಲೆಕ್ಕ ಮುಗಿಸುವಾಗ ವಾಪಸಾದ ಸರಕು, ಬಂದ ದೂರುಗಳು ಹಾಗೂ ಖರೀದಿ ನಿಲ್ಲಿಸಿದ ಹಳೆಯ ಗ್ರಾಹಕರ ಪಟ್ಟಿಯನ್ನು ಲಾಭದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

3. ಲಾಭದ ಒಂದಂಶವನ್ನು ಹೊಸ ಸರಕಿನ ಅಭಿವೃದ್ಧಿಗೆ ಮೀಸಲಿಡಬೇಕು. ಬೇರೆಯವರ ಸರಕನ್ನು ಮಾರಿ ಬರುವ ಆದಾಯ ಅವರ ಒಪ್ಪಂದ ಇರುವವರೆಗೆ ಮಾತ್ರ.

ಬಡ್ಡಿಯ ಆಸೆಗೆ ಅಸಲು ಕಳೆದುಕೊಂಡವರ ಕಥೆ ವ್ಯಾಪಾರಸ್ಥರಿಗೆ ಹೊಸದಲ್ಲ. ಡಿಸ್ನಿಗೆ ಕಳೆದದ್ದನ್ನು ಮರಳಿ ಕೊಳ್ಳುವ ಶಕ್ತಿಯಿತ್ತು. ಸಣ್ಣ ಉದ್ಯಮಿಗೆ ಆ ಅವಕಾಶವಿರುವುದಿಲ್ಲ.