ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳು: ಸ್ಟೋನ್‌ವಾಲ್ ಚರಿತ್ರೆಯ ವಿವಾದ ಮತ್ತು ಸಭೆಯ ಸಾಕ್ಷಿ

ಪೀಠಿಕೆ

ಒಂದು ಸಮುದಾಯವು ತನ್ನ ಚರಿತ್ರೆಯನ್ನು ಬರೆಯಲು ತೊಡಗಿದಾಗ ಮೊದಲು ಎದುರಾಗುವುದು 'ನಾವು' ಎಂಬ ಮಾತಿನೊಳಗೆ ಯಾರೆಲ್ಲ ಸೇರುತ್ತಾರೆ ಎಂಬ ಪ್ರಶ್ನೆ. ಅಮೆರಿಕದ ಸಲಿಂಗಾಸಕ್ತರ ವಿಮೋಚನಾ ಚಳವಳಿಯಲ್ಲಿ ಈ ಪ್ರಶ್ನೆ ಐದು ದಶಕಗಳಿಂದಲೂ ಜೀವಂತವಾಗಿದೆ. ಅದರ ಮುಖ್ಯ ಘಟ್ಟಗಳನ್ನು ವಿವರಿಸಿ, ಸಭಾಸೇವೆಗೆ ಕರೆಯಲ್ಪಟ್ಟವರು ಅದನ್ನು ಏಕೆ ಅರಿತಿರಬೇಕು ಎಂಬುದನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಸಲಿಂಗ ಸಂಬಂಧದ ನೈತಿಕತೆಯ ಕುರಿತು ಸಭೆಗಳಲ್ಲಿರುವ ಭಿನ್ನಾಭಿಪ್ರಾಯವನ್ನು ನಾವು ಇಲ್ಲಿ ಇತ್ಯರ್ಥಗೊಳಿಸಲು ಹೊರಟಿಲ್ಲ. ಆದರೆ ಯಾವ ಅಭಿಪ್ರಾಯವನ್ನು ತಳೆದವರೂ ಮನುಷ್ಯರ ಕುರಿತು ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಒಳಪಟ್ಟವರೇ. ಚರಿತ್ರೆಯನ್ನು ಸರಿಯಾಗಿ ತಿಳಿಯುವುದು ಆ ಆಜ್ಞೆಯ ಪಾಲನೆಯ ಒಂದು ಭಾಗ.

1. ಗೌರವಸ್ಥರು ಮತ್ತು ಬೀದಿಯವರು

1950ರಲ್ಲಿ ಹ್ಯಾರಿ ಹೇ ಮತ್ತು ಸಂಗಡಿಗರು ಲಾಸ್ ಏಂಜಲಿಸ್‌ನಲ್ಲಿ ಮ್ಯಾಟಶೀನ್ ಸೊಸೈಟಿಯನ್ನು ಕಟ್ಟಿದರು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಲಿಂಗಾಸಕ್ತ ಸ್ತ್ರೀಯರ ಸಂಘವಾದ ಡಾಟರ್ಸ್ ಆಫ್ ಬಿಲಿಟಿಸ್ ಆರಂಭವಾಯಿತು. 1965ರಿಂದ 1969ರವರೆಗೆ ಪ್ರತಿ ಜುಲೈ 4ರಂದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ಎದುರು ಮೌನ ಪ್ರದರ್ಶನ ನಡೆಯುತ್ತಿತ್ತು. ಅದರಲ್ಲಿ ಪುರುಷರು ಕೋಟು ಟೈ ಧರಿಸಬೇಕು, ಸ್ತ್ರೀಯರು ಸ್ತ್ರೀಯರ ಉಡುಪಿನಲ್ಲೇ ಬರಬೇಕು ಎಂಬ ನಿಯಮವಿತ್ತು. ನಾವೂ ಎಲ್ಲರಂತೆಯೇ ಎಂದು ಸಮಾಜಕ್ಕೆ ತೋರಿಸುವುದು ಅದರ ಆಶಯ. ಸರ್ಕಾರಿ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದವರ ಕಾಲದಲ್ಲಿ ಇದು ಧೈರ್ಯದ ಕಾರ್ಯವೇ ಆಗಿತ್ತು. ಆದರೆ 'ಎಲ್ಲರಂತೆ' ಕಾಣಲಾರದವರಿಗೆ ಆ ಸಾಲಿನಲ್ಲಿ ಸ್ಥಳವಿರಲಿಲ್ಲ.

ಅಂಥವರ ಕಥೆ ಬೇರೆಡೆ ನಡೆಯುತ್ತಿತ್ತು. 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್‌ಲಾಯಿನ್ ಎಂಬ ಬಡ ಬಡಾವಣೆಯ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಸ್ತ್ರೀಯರಾಗಿ ಬಾಳುತ್ತಿದ್ದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಪೊಲೀಸರ ಕಿರುಕುಳದ ವಿರುದ್ಧ ತಿರುಗಿಬಿದ್ದರು. ಆ ಬಡಾವಣೆಯ ನಿರಾಶ್ರಿತ ಯುವಜನರಿಗೆ ಬೆಂಬಲವಾಗಿ ನಿಂತಿದ್ದು ಗ್ಲೈಡ್ ಮೆಮೋರಿಯಲ್ ಮೆಥೊಡಿಸ್ಟ್ ಸಭೆ. ಸ್ಟೋನ್‌ವಾಲ್‌ಗೆ ಮೂರು ವರ್ಷ ಮೊದಲೇ ನಡೆದ ಈ ಘಟನೆ ಬಹುಕಾಲ ಮರೆಯಾಗಿತ್ತು. ಇತಿಹಾಸಕಾರ್ತಿ ಸೂಸನ್ ಸ್ಟ್ರೈಕರ್ ಅದನ್ನು ಮತ್ತೆ ಬೆಳಕಿಗೆ ತಂದರು; ಅವರು ಜೊತೆಗೂಡಿ ನಿರ್ದೇಶಿಸಿದ ಸಾಕ್ಷ್ಯಚಿತ್ರ 2005ರಲ್ಲಿ ಹೊರಬಂತು. ಏನು ನಡೆಯಿತು ಎಂಬುದರಷ್ಟೇ ಅದನ್ನು ಯಾರು ಬರೆದಿಟ್ಟರು ಎಂಬುದೂ ಚರಿತ್ರೆಯನ್ನು ರೂಪಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

2. ಆ ರಾತ್ರಿ ಅಲ್ಲಿ ಯಾರಿದ್ದರು?

1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿದ್ದ ಸ್ಟೋನ್‌ವಾಲ್ ಇನ್ ಎಂಬ ಮದ್ಯದಂಗಡಿಯ ಮೇಲೆ ಪೊಲೀಸರು ದಾಳಿ ಮಾಡಿದರು. ಇಂಥ ದಾಳಿಗಳು ಮಾಮೂಲಾಗಿದ್ದವು. ಅಂದು ಮಾತ್ರ ಜನ ಚದುರಲಿಲ್ಲ, ತಿರುಗಿ ನಿಂತರು. ಮರುವರ್ಷ ಅದರ ಸ್ಮರಣೆಗೆ ಮೆರವಣಿಗೆ ನಡೆಯಿತು. ಜಗತ್ತಿನ ಅನೇಕ ನಗರಗಳಲ್ಲಿ ಇಂದು ನಡೆಯುವ ಮೆರವಣಿಗೆಗಳ ಮೂಲ ಅದೇ.

ಈ ಪ್ರತಿರೋಧ ಯಾರದ್ದು? ಒಂದು ಕಾಲದ ಕಥನಗಳಲ್ಲಿ ಬಿಳಿಯ ಸಲಿಂಗಾಸಕ್ತ ಪುರುಷರೇ ನಾಯಕರು. 2015ರಲ್ಲಿ ಬಂದ 'ಸ್ಟೋನ್‌ವಾಲ್' ಚಲನಚಿತ್ರವು ಕಲ್ಪಿತ ಬಿಳಿಯ ಯುವಕನೊಬ್ಬನನ್ನು ಕೇಂದ್ರದಲ್ಲಿಟ್ಟು ತೀವ್ರ ಟೀಕೆಗೆ ಗುರಿಯಾಯಿತು. ಅದಕ್ಕೆ ಪ್ರತಿಯಾಗಿ ಇನ್ನೊಂದು ಕಥನ ಜನಪ್ರಿಯವಾಯಿತು: ಮೊದಲ ಇಟ್ಟಿಗೆಯನ್ನೆಸೆದವರು ಕಪ್ಪು ಜನಾಂಗದ ಮಾರ್ಷಾ ಪಿ. ಜಾನ್ಸನ್, ಅಥವಾ ಲ್ಯಾಟಿನ್ ಅಮೆರಿಕನ್ ಮೂಲದ ಸಿಲ್ವಿಯಾ ರಿವೇರಾ. ಆದರೆ ತಾವು ಬರುವ ಹೊತ್ತಿಗೆ ಗಲಭೆ ಆರಂಭವಾಗಿತ್ತೆಂದು ಜಾನ್ಸನ್ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ರಿವೇರಾ ಮೊದಲ ರಾತ್ರಿ ಅಲ್ಲಿದ್ದರೇ ಎಂಬುದರ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 2004ರಲ್ಲಿ ಸ್ಟೋನ್‌ವಾಲ್ ಕುರಿತ ಗ್ರಂಥವನ್ನು ಪ್ರಕಟಿಸಿದ ಡೇವಿಡ್ ಕಾರ್ಟರ್ ಅವರು ಇರಲಿಲ್ಲವೆಂದೇ ವಾದಿಸಿದರು. ಅದೇ ಸಮಯದಲ್ಲಿ, ಮನೆಯಿಂದ ಹೊರದೂಡಲ್ಪಟ್ಟ ಬೀದಿಯ ಹುಡುಗರೂ ಸ್ತ್ರೀವೇಷದಲ್ಲಿದ್ದವರೂ ಮುಂಚೂಣಿಯಲ್ಲಿದ್ದರೆಂಬುದು ಪ್ರತ್ಯಕ್ಷದರ್ಶಿಗಳ ಮಾತುಗಳಿಂದ ಸ್ಪಷ್ಟವಾಗುತ್ತದೆ.

3. ವೇದಿಕೆಯ ಮೇಲಿನ ವಾಗ್ವಾದ

1970ರಲ್ಲಿ ರಿವೇರಾ ಮತ್ತು ಜಾನ್ಸನ್ 'ಸ್ಟಾರ್' ಎಂಬ ಸಂಘಟನೆ ಕಟ್ಟಿ, ಬೀದಿಯಲ್ಲಿ ಮಲಗುತ್ತಿದ್ದ ಎಳೆಯರಿಗೆ ಆಶ್ರಯ ಕಲ್ಪಿಸಿದರು. ಮೂರೇ ವರ್ಷಗಳಲ್ಲಿ, 1973ರ ಜೂನ್ 24ರಂದು, ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದಲ್ಲಿ ನಡೆದ ಸ್ಮರಣಾ ಸಭೆಯಲ್ಲಿ ರಿವೇರಾ ಮಾತನಾಡಲು ವೇದಿಕೆ ಏರಿದಾಗ ಜನಸಮೂಹ ಅವರನ್ನು ಕೂಗಿ ಅಣಕಿಸಿತು. ಸೆರೆಮನೆಗಳಲ್ಲಿ ಕೊಳೆಯುತ್ತಿರುವ ತಮ್ಮವರನ್ನು ಚಳವಳಿ ಮರೆತಿದೆ ಎಂಬುದು ಅವರ ಆಕ್ಷೇಪವಾಗಿತ್ತು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸ್ತ್ರೀವಾದಿ ನಾಯಕಿ ಜೀನ್ ಓಲಿಯರಿ, ಪುರುಷರು ಮನರಂಜನೆಗಾಗಿ ಸ್ತ್ರೀವೇಷ ಧರಿಸುವುದು ಸ್ತ್ರೀಯರಿಗೆ ಅವಮಾನವೆಂದು ಅದೇ ವೇದಿಕೆಯಲ್ಲಿ ಖಂಡಿಸಿದರು. ಹಿಂದೆ ಕನ್ಯಾಮಠದಲ್ಲಿದ್ದ ಓಲಿಯರಿ ಅವರು ಪುರುಷಪ್ರಧಾನ ಸಂಘಟನೆಗಳಲ್ಲಿ ಸ್ತ್ರೀಯರ ದನಿ ಅಡಗುವುದನ್ನು ಕಂಡುಂಡವರು. ಅಂದರೆ ಅಲ್ಲಿ ಹೊರದೂಡಲ್ಪಟ್ಟವರ ಎದುರು ನಿಂತಿದ್ದವರೂ ಹೊರದೂಡಲ್ಪಟ್ಟವರೇ. ಮುಂದಿನ ವರ್ಷಗಳಲ್ಲಿ ಓಲಿಯರಿ ತಮ್ಮ ಅಂದಿನ ನಿಲುವಿನ ಕುರಿತು ವಿಷಾದ ವ್ಯಕ್ತಪಡಿಸಿದರು.

ಈ ವಾಗ್ವಾದವು ಭಾಷಣಕ್ಕೆ ಮುಗಿಯಲಿಲ್ಲ, ಕಾನೂನನ್ನೂ ತಟ್ಟಿತು. ನ್ಯೂಯಾರ್ಕ್ ರಾಜ್ಯದ ತಾರತಮ್ಯ ನಿಷೇಧ ಮಸೂದೆಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಬೇಕೆಂದು ರಿವೇರಾ ಮರಣಶಯ್ಯೆಯಿಂದಲೇ ಒತ್ತಾಯಿಸಿದರು. ಅವರು 2002ರ ಫೆಬ್ರವರಿ 19ರಂದು ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಮಸೂದೆ ಕಾನೂನಾಯಿತು, ಆದರೆ ಅವರ ಜನರನ್ನು ಹೊರಗಿಟ್ಟು. ಆ ರಕ್ಷಣೆ ದೊರೆಯಲು 2019ರವರೆಗೆ ಕಾಯಬೇಕಾಯಿತು. 'ಮೊದಲು ನಾವು ದಾಟುತ್ತೇವೆ, ಆಮೇಲೆ ನಿಮ್ಮನ್ನು ಕರೆದುಕೊಳ್ಳುತ್ತೇವೆ' ಎಂಬ ರಾಜಕೀಯ ಲೆಕ್ಕಾಚಾರಕ್ಕೆ ತೆತ್ತ ಬೆಲೆ ಹದಿನಾರು ವರ್ಷ. ಇನ್ನು 2016ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಸ್ಟೋನ್‌ವಾಲ್‌ನ ಅಧಿಕೃತ ಜಾಲತಾಣದಿಂದ 2025ರ ಫೆಬ್ರವರಿಯಲ್ಲಿ 'ಟ್ರಾನ್ಸ್‌ಜೆಂಡರ್' ಎಂಬ ಪದವನ್ನೇ ಅಮೆರಿಕ ಸರ್ಕಾರ ತೆಗೆದುಹಾಕಿತು.

4. ಬೆರೆಸಬಾರದ ಎರಡು ಪ್ರಶ್ನೆಗಳು

ಈ ವಿವಾದದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಂದು ಯಾರಿದ್ದರು, ಏನು ಮಾಡಿದರು ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಕೊಡಬೇಕಾದದ್ದು ಆಧಾರಗಳು. ಇಂದು ಯಾರು ನಮ್ಮವರು ಎಂಬುದು ಎರಡನೆಯದು. ಇದು ನ್ಯಾಯದ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಪ್ರವೇಶಪತ್ರವನ್ನಾಗಿ ಮಾಡಿದಾಗ ಎರಡೂ ಕೆಡುತ್ತವೆ. ಮೊದಲ ಇಟ್ಟಿಗೆ ಎಸೆದವರಿಗೆ ಮಾತ್ರ ಹಕ್ಕು ಎಂದಾದರೆ ಪ್ರತಿ ಗುಂಪೂ ಇಟ್ಟಿಗೆಯೊಂದನ್ನು ಹುಡುಕಲೇಬೇಕಾಗುತ್ತದೆ. ಆಗ ಚರಿತ್ರೆ ದಂತಕಥೆಯಾಗುತ್ತದೆ. ರಿವೇರಾ ಆ ರಾತ್ರಿ ಅಲ್ಲಿರಲಿಲ್ಲವೆಂದು ನಾಳೆ ಖಚಿತವಾದರೂ, ಬೀದಿಯ ಮಕ್ಕಳಿಗೆ ಸೂರು ಕೊಟ್ಟ ಅವರ ಬದುಕಿನ ಬೆಲೆ ಕಿಂಚಿತ್ತೂ ಕುಂದದು.

5. ಸತ್ಯವೇದದ ಬೆಳಕಿನಲ್ಲಿ

ಸಭೆಗೆ ಈ ಸಮಸ್ಯೆ ಅಪರಿಚಿತವಲ್ಲ. ಸೆರೆಯಿಂದ ಹಿಂದಿರುಗಿದ ಕೆಲವು ಯಾಜಕ ಕುಟುಂಬಗಳು ವಂಶಾವಳಿಯಲ್ಲಿ ತಮ್ಮ ಹೆಸರು ಸಿಗದ ಕಾರಣ ಸೇವೆಯಿಂದ ಹೊರಗುಳಿದವೆಂದು ಎಜ್ರನ ಗ್ರಂಥ ತಿಳಿಸುತ್ತದೆ (2:62). ಹೊಸ ಒಡಂಬಡಿಕೆಯ ಉದಾಹರಣೆ ಇನ್ನೂ ಹತ್ತಿರದ್ದು. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಸ್ತ್ರೀಯರೆಂದು ನಾಲ್ಕೂ ಸುವಾರ್ತೆಗಳು ಸಾರುತ್ತವೆ. ಅವರ ಮಾತನ್ನು ಅಪೊಸ್ತಲರು ನಂಬಲಿಲ್ಲವೆಂದು ಲೂಕನು ಮರೆಮಾಚದೆ ಬರೆಯುತ್ತಾನೆ (24:11). ಆದರೆ ಪೌಲನು ಸಭೆಗೆ ಒಪ್ಪಿಸಿಕೊಟ್ಟ ಸಾಕ್ಷಿಗಳ ಪಟ್ಟಿಯಲ್ಲಿ (1 ಕೊರಿಂಥ 15:5-8) ಕೇಫನಿದ್ದಾನೆ, ಹನ್ನೆರಡು ಮಂದಿಯಿದ್ದಾರೆ, ಯಾಕೋಬನಿದ್ದಾನೆ. ಮಗ್ದಲದ ಮರಿಯಳ ಹೆಸರಿಲ್ಲ. ಪಟ್ಟಿ ಸುಳ್ಳಲ್ಲ, ಅಪೂರ್ಣ. ಎರಡನ್ನೂ ಒಂದೇ ಗ್ರಂಥದೊಳಗೆ ಉಳಿಸಿಕೊಂಡ ಸಭೆಯು ಪಟ್ಟಿಯನ್ನು ಸಾಕ್ಷಿಯಿಂದ ತಿದ್ದುವ ದಾರಿಯನ್ನು ತನಗೇ ತೆರೆದಿಟ್ಟುಕೊಂಡಿತು.

ಧರ್ಮೋಪದೇಶಕಾಂಡ 23:1 ಯಾರನ್ನು ದೇವಜನರ ಸಭೆಯಿಂದ ಹೊರಗಿಟ್ಟಿತೋ ಅವರಿಗೇ ಯೆಶಾಯ 56:3-5 ದೇವರ ಆಲಯದಲ್ಲಿ ಅಳಿಯದ ಹೆಸರನ್ನು ವಾಗ್ದಾನ ಮಾಡುತ್ತದೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿಯು ದೀಕ್ಷಾಸ್ನಾನ ಹೊಂದುತ್ತಾನೆ. ಅಂದಿನ ಕಂಚುಕಿಗಳನ್ನು ಇಂದಿನ ಟ್ರಾನ್ಸ್‌ಜೆಂಡರ್ ಸಮುದಾಯದೊಂದಿಗೆ ನೇರವಾಗಿ ಸಮೀಕರಿಸುವುದು ಸರಿಯಲ್ಲ. ಹಾಗೆ ಮಾಡಿದರೆ ಮೇಲೆ ಹೇಳಿದ ತಪ್ಪನ್ನೇ ನಾವು ಶಾಸ್ತ್ರವ್ಯಾಖ್ಯಾನದಲ್ಲಿ ಮಾಡಿದಂತಾದೀತು. ಈ ವಾಕ್ಯಭಾಗಗಳು ಕಲಿಸುವುದು ಬೇರೊಂದನ್ನು: ಯಾರು ಸೇರಿದವರು ಎಂಬ ಪ್ರಶ್ನೆಯನ್ನು ದೇವಜನರು ಮತ್ತೆ ಮತ್ತೆ ತೆರೆಯಬೇಕಾಯಿತು, ಮತ್ತು ಅದನ್ನು ತೆರೆಯಿಸಿದಾತನು ದೇವರೇ.

6. ಸಭಾಪಾಲನೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಈ ಒಳಜಗಳವನ್ನು ತೋರಿಸಿ 'ಅವರಲ್ಲೇ ಒಮ್ಮತವಿಲ್ಲ' ಎಂದು ಪ್ರಸಂಗಪೀಠದಿಂದ ಹೀಗಳೆಯುವುದು ಸಲ್ಲದು. ಸುನ್ನತಿಯ ವಿಷಯದಲ್ಲಿ ಯೆರೂಸಲೇಮಿನಲ್ಲಿ ಕೂಡಿ ವಾದಿಸಿದ ಸಭೆಯ ಮಕ್ಕಳಿಗೆ ಆ ಮಾತು ಶೋಭಿಸದು.

ಎರಡನೆಯದಾಗಿ, ನ್ಯೂಯಾರ್ಕ್‌ನ ಪದಗಳನ್ನು ನಮ್ಮ ನೆಲದವರ ಮೇಲೆ ಯೋಚಿಸದೆ ಹೊದಿಸಬಾರದು. 2014ರಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಸಲಿಂಗಾಸಕ್ತರು ಆ ವರ್ಗಕ್ಕೆ ಸೇರುವುದಿಲ್ಲವೆಂದು 2016ರಲ್ಲಿ ಸ್ಪಷ್ಟಪಡಿಸಿತು. ಉತ್ತರ ಕರ್ನಾಟಕದ ಜೋಗಪ್ಪಂದಿರು ಈ ಯಾವ ಪದವೂ ಬರುವುದಕ್ಕೆ ಮೊದಲೇ ತಮ್ಮದೇ ಸಂಪ್ರದಾಯದಲ್ಲಿ ಬಾಳಿದವರು. ತಮ್ಮನ್ನು ಹಿಜ್ಡಾ ಸಮುದಾಯದಿಂದ ಬೇರೆಯೆಂದೇ ಎಣಿಸುವವರು ಅವರಲ್ಲಿ ಅನೇಕರಿದ್ದಾರೆ. ಬಂದವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂದು ಕೇಳುವುದೇ ಸಭಾಪಾಲಕರ ಮೊದಲ ಕರ್ತವ್ಯ.

ಮೂರನೆಯದಾಗಿ, ಸಭೆಯೂ ದಾಖಲೆಗಳ ಪಾಲಕಿ ಎಂಬುದನ್ನು ನಾವು ನೆನಪಿಡಬೇಕು. ದೀಕ್ಷಾಸ್ನಾನದ ಪುಸ್ತಕ, ಸದಸ್ಯತ್ವದ ಪಟ್ಟಿ, ಸಮಾಧಿ ದಾಖಲೆ ನಮ್ಮ ಕೈಯಲ್ಲಿವೆ. ಮನೆಯವರು ಕೈಬಿಟ್ಟ ವ್ಯಕ್ತಿಯೊಬ್ಬರು ತೀರಿಕೊಂಡಾಗ ಅವರನ್ನು ಯಾವ ಹೆಸರಿನಿಂದ ದೇವರಿಗೆ ಒಪ್ಪಿಸುತ್ತೇವೆ ಎಂಬುದು ನಾಳೆ ನಮ್ಮಲ್ಲಿ ಯಾರಿಗಾದರೂ ಎದುರಾಗಬಹುದಾದ ಪ್ರಶ್ನೆ.

ಸಿಲ್ವಿಯಾ ರಿವೇರಾ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಕಮ್ಯುನಿಟಿ ಸಭೆಯ ಸದಸ್ಯರಾಗಿ. ಪೆಂತೆಕೊಸ್ತ ಬೋಧಕರಾಗಿದ್ದು ತಮ್ಮ ಸಭೆಯಿಂದ ಹೊರಹಾಕಲ್ಪಟ್ಟ ಟ್ರಾಯ್ ಪೆರ್ರಿ 1968ರಲ್ಲಿ ಹನ್ನೆರಡು ಜನರೊಂದಿಗೆ ತಮ್ಮ ಮನೆಯಲ್ಲಿ ಆರಂಭಿಸಿದ ಸಭಾಕೂಟ ಅದು. ಅಲ್ಲಿ ರಿವೇರಾ ವಹಿಸಿಕೊಂಡಿದ್ದ ಸೇವೆ ಹಸಿದವರಿಗೆ ಆಹಾರ ಹಂಚುವುದು. ಚಳವಳಿ ಅವರನ್ನು ತನ್ನವರೆಂದು ಒಪ್ಪಲು ಹಿಂಜರಿದ ದಿನಗಳಲ್ಲೂ ಅವರಿಗೊಂದು ಸಭೆಯಿತ್ತು, ಮಾಡಲು ಕೆಲಸವಿತ್ತು. ನಮ್ಮ ಸಭೆಗಳ ಅಂಗಳಕ್ಕೆ ಅಂಥವರು ಬಂದರೆ ಅವರಿಗೆ ಏನಿದೆ ಎಂಬುದನ್ನು ನಾವು ಈಗಲೇ ಪರೀಕ್ಷಿಸಿಕೊಳ್ಳುವುದು ಯುಕ್ತ.