ಎಲೆಕ್ಟ್ರಾನಿಕ್ ಮಂಡಲಗಳಿಗೆ ಸೂಕ್ತ ರೆಸಿಸ್ಟರ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಮಂಡಲದಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಮಿತಗೊಳಿಸುವ ಬಿಡಿಭಾಗವೇ ರೋಧಕ ಅಥವಾ ರೆಸಿಸ್ಟರ್. ಐ.ಟಿ.ಐ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ವೃತ್ತಿ ತರಬೇತಿಗೆ ಅರ್ಜಿ ಸಲ್ಲಿಸುವವರು ಹಾಗೂ ದುರಸ್ತಿ ಘಟಕ ಆರಂಭಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸುಟ್ಟುಹೋದ ರೆಸಿಸ್ಟರನ್ನು ಬದಲಾಯಿಸುವಾಗ ಓಮ್ ಮೌಲ್ಯವೊಂದನ್ನೇ ಹೊಂದಿಸಿದರೆ ಸಾಲದು. ಅದರ ವಿಧ, ವ್ಯಾಟ್ ಸಾಮರ್ಥ್ಯ ಹಾಗೂ ವೋಲ್ಟೇಜ್ ಮಿತಿಯೂ ಸರಿಹೊಂದಬೇಕು. ತಪ್ಪಿದಲ್ಲಿ ಉಪಕರಣಕ್ಕೆ ಬೆಂಕಿ ತಗಲುವ ಸಂಭವವಿರುತ್ತದೆ.

ಪ್ರಮುಖ ವಿಧಗಳು

1. ಕಾರ್ಬನ್ ಫಿಲ್ಮ್: ಬೆಲೆ ಕಡಿಮೆ. ಮೌಲ್ಯದಲ್ಲಿ ಸಾಮಾನ್ಯವಾಗಿ ಶೇ. 5ರವರೆಗೆ ವ್ಯತ್ಯಾಸವಿರಬಹುದು, ಕೊನೆಯ ಚಿನ್ನದ ಬಣ್ಣದ ಪಟ್ಟಿ ಇದನ್ನು ಸೂಚಿಸುತ್ತದೆ. ಸೂಚಕ ದೀಪದಂತಹ ಸಾಮಾನ್ಯ ಬಳಕೆಗೆ ಸಾಕಾಗುತ್ತದೆ.

2. ಮೆಟಲ್ ಫಿಲ್ಮ್: ವ್ಯತ್ಯಾಸ ಸಾಮಾನ್ಯವಾಗಿ ಶೇ. 1, ಕೊನೆಯ ಪಟ್ಟಿ ಕಂದು. ಉಷ್ಣತೆ ಏರಿಳಿದರೂ ಮೌಲ್ಯ ಹೆಚ್ಚು ಬದಲಾಗುವುದಿಲ್ಲ. ಮಾಪನ ಉಪಕರಣಗಳಿಗೂ ಆಂಪ್ಲಿಫೈಯರ್‌ನ ಮೊದಲ ಹಂತಕ್ಕೂ ಸೂಕ್ತ.

3. ಮೆಟಲ್ ಆಕ್ಸೈಡ್ ಫಿಲ್ಮ್: ಹೆಚ್ಚಿನ ಶಾಖವನ್ನು ತಾಳಬಲ್ಲದು. ವಿದ್ಯುತ್ ಪೂರೈಕೆ ಮಂಡಲಗಳಲ್ಲಿ ಬಳಕೆಯಾಗುತ್ತದೆ.

4. ವೈರ್‌ವೌಂಡ್: ತಂತಿ ಸುತ್ತಿ ತಯಾರಿಸಿದ್ದು. 5 ಅಥವಾ 10 ವ್ಯಾಟ್‌ನವು ಬಿಳಿಯ ಸೆರಾಮಿಕ್ ಕವಚದಲ್ಲಿ ದೊರೆಯುತ್ತವೆ. ತಂತಿ ಸುರುಳಿಯಾಗಿರುವುದರಿಂದ ಸಾಮಾನ್ಯ ವೈರ್‌ವೌಂಡ್ ರೆಸಿಸ್ಟರ್ ಅಧಿಕ ಆವೃತ್ತಿಯ ಮಂಡಲಗಳಿಗೆ ಹೊಂದುವುದಿಲ್ಲ.

5. ಫ್ಯೂಸಿಬಲ್: ಪ್ರವಾಹ ಮಿತಿಮೀರಿದಾಗ ಜ್ವಾಲೆಯಿಲ್ಲದೆ ಕಡಿದುಹೋಗಿ ಮಂಡಲವನ್ನು ರಕ್ಷಿಸುತ್ತದೆ.

ವ್ಯಾಟ್ ಸಾಮರ್ಥ್ಯದ ಲೆಕ್ಕ

12 ವೋಲ್ಟ್ ಪೂರೈಕೆಯಿಂದ 2 ವೋಲ್ಟ್‌ನ ಎಲ್.ಇ.ಡಿ.ಯನ್ನು 20 ಮಿಲಿಆಂಪಿಯರ್ ಪ್ರವಾಹದಲ್ಲಿ ಬೆಳಗಿಸಬೇಕೆಂದು ಭಾವಿಸೋಣ. ಉಳಿದ 10 ವೋಲ್ಟನ್ನು 0.02 ಆಂಪಿಯರ್‌ನಿಂದ ಭಾಗಿಸಿದರೆ 500 ಓಮ್ ಬರುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಮುಂದಿನ ಮೌಲ್ಯ 560 ಓಮ್. ಇದರಲ್ಲಿ ಶಾಖವಾಗಿ ವ್ಯಯವಾಗುವ ಶಕ್ತಿ ಸುಮಾರು 0.18 ವ್ಯಾಟ್. ಕಾಲು ವ್ಯಾಟ್‌ನದು ಲೆಕ್ಕಕ್ಕೆ ಸರಿಹೊಂದಿದರೂ ಸದಾ ಬಿಸಿಯಾಗಿರುತ್ತದೆ. ಸಾಮರ್ಥ್ಯವು ವ್ಯಯದ ಸುಮಾರು ಎರಡರಷ್ಟಿರುವುದು ಉತ್ತಮ. ಆದ್ದರಿಂದ ಅರ್ಧ ವ್ಯಾಟ್‌ನದನ್ನು ಆರಿಸಿಕೊಳ್ಳತಕ್ಕದ್ದು.

ವೋಲ್ಟೇಜ್ ಮಿತಿ

ಕಾಲು ವ್ಯಾಟ್ ರೆಸಿಸ್ಟರ್‌ಗಳ ಮಿತಿ ಹಲವು ತಯಾರಿಕೆಗಳಲ್ಲಿ 250 ವೋಲ್ಟ್ ಆಗಿರುತ್ತದೆ. ಗೃಹಬಳಕೆಯ 230 ವೋಲ್ಟ್ ಪೂರೈಕೆಯಲ್ಲಿ ಏರಿಳಿತವಾದಾಗ ಇದು ಮೀರಬಹುದು. ಇಂತಹ ಕಡೆ ಹೆಚ್ಚಿನ ಮಿತಿಯುಳ್ಳ ರೆಸಿಸ್ಟರನ್ನು ಬಳಸಬೇಕು ಅಥವಾ ಬೇಕಾದ ಮೌಲ್ಯವನ್ನು ಎರಡು ಸಮಾನ ರೆಸಿಸ್ಟರ್‌ಗಳ ಸರಣಿ ಜೋಡಣೆಯಿಂದ ಪಡೆಯಬಹುದು.

ಎಚ್ಚರಿಕೆ

• ಫ್ಯೂಸಿಬಲ್ ರೆಸಿಸ್ಟರ್‌ನ ಸ್ಥಾನದಲ್ಲಿ ಸಾಮಾನ್ಯ ರೆಸಿಸ್ಟರನ್ನಾಗಲಿ ತಂತಿಯ ತುಂಡನ್ನಾಗಲಿ ಜೋಡಿಸಬಾರದು. ಉಪಕರಣ ಮತ್ತೆ ಕೆಲಸ ಮಾಡಿದರೂ ಅದರ ರಕ್ಷಣೆ ಇಲ್ಲವಾಗಿರುತ್ತದೆ.

• ರೆಸಿಸ್ಟರ್ ಸುಟ್ಟಿರುವುದು ಬಹುಪಾಲು ಬೇರೊಂದು ದೋಷದ ಪರಿಣಾಮವಾಗಿರುತ್ತದೆ. ಮೂಲ ದೋಷವನ್ನು ಸರಿಪಡಿಸಿದ ನಂತರವೇ ಹೊಸದನ್ನು ಜೋಡಿಸಬೇಕು.

• ಪ್ಲಗ್ ತೆಗೆದ ನಂತರವೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು. ಅದು ಇಳಿದಿರುವುದನ್ನು ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳದೆ ಮಂಡಲವನ್ನು ಮುಟ್ಟಬಾರದು.