ಹಿತ್ತಿಲ ಕೊಟ್ಟಿಗೆಗೆ ತಕ್ಕ ಸಾಮಗ್ರಿಗಳು

ದನಕರುಗಳನ್ನು ಕಟ್ಟುವುದಕ್ಕೂ ನೇಗಿಲು, ಕುಂಟೆ ಮೊದಲಾದ ಉಪಕರಣಗಳನ್ನು ಇಡುವುದಕ್ಕೂ ಮನೆಯ ಹಿತ್ತಿಲಲ್ಲಿ ಒಂದು ಕೊಟ್ಟಿಗೆಯು ಬೇಸಾಯಗಾರನಿಗೆ ಅವಶ್ಯಕವಾದುದು. ಇದನ್ನು ಕಟ್ಟಿಸುವಾಗ ಅನೇಕರು ಗೋಡೆಗೆ ಹೆಚ್ಚು ಹಣವನ್ನು ಸುರಿದು, ಕೈಗೆ ಸಿಕ್ಕಿದ ಕಂಬಗಳನ್ನು ನೆಟ್ಟು, ಅಗ್ಗದ ತಗಡನ್ನು ಹೊದಿಸಿಬಿಡುವುದುಂಟು. ನಾಲ್ಕಾರು ಮಳೆಗಾಲ ಕಳೆಯುವುದರೊಳಗಾಗಿ ಕಂಬದ ಬುಡವು ಗೆದ್ದಲಿಗೆ ತುತ್ತಾಗಿ ಚಾವಣಿಯು ರಾಸುಗಳ ಮೇಲೆ ವಾಲುತ್ತದೆ. ಗೋಡೆ ಮಾತ್ರ ನೆಟ್ಟಗೆ ನಿಂತಿರುತ್ತದೆ. ಆದಕಾರಣ ನೆಲಕ್ಕೆ ತಾಗುವ ಭಾಗಕ್ಕೂ, ಮಳೆಬಿಸಿಲುಗಳನ್ನು ತಡೆಯುವ ಭಾಗಕ್ಕೂ ಮೊದಲು ಹಣವನ್ನು ವಿನಿಯೋಗಿಸತಕ್ಕದ್ದು.

ಮಣ್ಣಿನಲ್ಲಿ ನೆಟ್ಟ ಮರವು ಸಾಮಾನ್ಯವಾಗಿ ಮೊದಲು ಕೊಳೆಯುವುದು ನೆಲದ ಮಟ್ಟದಲ್ಲಿ. ತೇವವೂ ಗಾಳಿಯೂ ಅಲ್ಲಿ ಒಟ್ಟಿಗೆ ದೊರೆಯುವುದರಿಂದ ಬೂಷ್ಟು ಹಿಡಿದು ತಿರುಳು ಮೆತ್ತಗಾಗುವುದು. ನೀಲಗಿರಿ ಮತ್ತು ಸರ್ವೆಯ ಗಳುಗಳು ಹೀಗೆ ಬೇಗನೆ ಕೆಡುತ್ತವೆ. ಬುಡಕ್ಕೆ ಡಾಂಬರು ಬಳಿದರೆ ಸ್ವಲ್ಪ ಕಾಲ ಹೆಚ್ಚು ಬಾಳಬಹುದೇ ಹೊರತು ಶಾಶ್ವತವಲ್ಲ. ಕೋಲಾರ, ತುಮಕೂರು ಮುಂತಾದ ಕಡೆಗಳಲ್ಲಿ ಬಂಡೆಯಿಂದ ಸೀಳಿದ ಕಲ್ಲುಕಂಬಗಳು ದೊರೆಯುವಾಗ ಮರವನ್ನು ನೆಲಕ್ಕೆ ಹೂಳುವುದು ದುಂದುವೆಚ್ಚವೇ ಸರಿ. ಕಲ್ಲುಕಂಬವಿಲ್ಲದ ಕಡೆ, ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಕಲ್ಲು ಅಥವಾ ಕಾಂಕ್ರೀಟಿನ ಪೀಠವನ್ನು ಕಟ್ಟಿ, ಅದರಲ್ಲಿ ಹುದುಗಿಸಿದ ಕಬ್ಬಿಣದ ಪಟ್ಟಿಗೆ ಮರದ ಕಂಬವನ್ನು ಬಿಗಿಯಬೇಕು. ಗೆದ್ದಲು ಪೀಠವನ್ನು ಹತ್ತಿದರೂ ಅದರ ಮಣ್ಣಿನ ಗೂಡು ಕಣ್ಣಿಗೆ ಬೀಳುವುದರಿಂದ ಕೆರೆದುಹಾಕಲು ಅವಕಾಶವಾಗುತ್ತದೆ.

ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯ ವಿಷಯವೇ ಬೇರೆ. ಈ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಆಳಕ್ಕಿಂತ ಕೆಳಗೆ ಪಾಯವನ್ನು ಇಳಿಸದಿದ್ದರೆ ಎಂತಹ ಗೋಡೆಯಾದರೂ ಸೀಳುವುದು. ಇಲ್ಲಿ ಭಾರವಾದ ಗೋಡೆಯನ್ನು ಬಿಟ್ಟು, ಆಳವಾದ ಪಾಯದ ಕಂಬಗಳ ಮೇಲೆ ಹಗುರವಾದ ಚಾವಣಿಯನ್ನು ನಿಲ್ಲಿಸುವುದು ಲೇಸು.

ಗೋಡೆಗೆ ಊರಿನಲ್ಲಿ ದೊರೆಯುವುದೇ ಸಾಕು. ಕರಾವಳಿಯವರಿಗೆ ಮುರಕಲ್ಲು ಇದ್ದೇ ಇದೆ. ಮರಳುಮಿಶ್ರವಾದ ಕೆಮ್ಮಣ್ಣಿರುವಲ್ಲಿ ಸ್ವಲ್ಪ ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಉಪಯೋಗಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇವುಗಳ ಬಗ್ಗೆ ಬಹಳ ಕೆಲಸ ಮಾಡಿದೆ. ಗೋಡೆಯ ಕೆಳಗಿನ ಎರಡು ಅಡಿಯು ಮಾತ್ರ ಗಂಜಲ ತಾಗುವ ಭಾಗವಾದ್ದರಿಂದ ಕಲ್ಲಿನದೇ ಆಗಿರಬೇಕು.

ಚಾವಣಿಗೆ ಹೆಂಚಿಗೆ ಸಮನಾದುದು ಕಡಿಮೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಸ್ಥಾಪಿಸಿದ ಮೇಲೆ ಹೆಸರಾದ ಮಂಗಳೂರು ಹೆಂಚು, ನೂರು ಚದರ ಅಡಿಗೆ ಸುಮಾರು 150 ಬೇಕಾಗುತ್ತದೆ. ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ, ಗಣಗಣನೆ ನುಡಿಯುವುದನ್ನೇ ಆರಿಸಬೇಕು. ಒಂದು ಅಡಿ ಅಗಲಕ್ಕೆ ಆರು ಅಂಗುಲಕ್ಕಿಂತ ಕಡಿಮೆ ಏರಿಕೆ ಕೊಟ್ಟರೆ ಹೆಂಚು ಸೋರುವುದು. ನಾಡಹೆಂಚು ಅಗ್ಗವಾದರೂ ಪ್ರತಿವರ್ಷ ಕೈಯಾಡಿಸಬೇಕು. ಕೋತಿಗಳ ಕಾಟವಿರುವ ಊರಿನಲ್ಲಿ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಸತುವಿನ ಲೇಪವುಳ್ಳ ಕಬ್ಬಿಣದ ತಗಡು ಹಗುರವಾಗಿ ಬೇಗ ಹೊದಿಸಲು ಬರುತ್ತದೆ. ಆದರೆ ಮಧ್ಯಾಹ್ನದ ಕಾವನ್ನು ನೇರವಾಗಿ ಕೆಳಕ್ಕೆ ಇಳಿಸುವುದರಿಂದ ರಾಸುಗಳು, ಅದರಲ್ಲಿಯೂ ಮಿಶ್ರತಳಿಯ ಹಸುಗಳು, ಏದುಸಿರು ಬಿಟ್ಟು ಮೇವನ್ನೂ ಹಾಲನ್ನೂ ಕಡಿಮೆ ಮಾಡುತ್ತವೆ. ತಗಡನ್ನೇ ಹಾಕಬೇಕಾದಲ್ಲಿ ಎತ್ತರವಾಗಿ ಹಾಕಿ, ಮೇಲೆ ತೆಂಗಿನ ಗರಿ ಅಥವಾ ಹುಲ್ಲನ್ನು ಹೊದಿಸಬಹುದು. ಅಡಿಗೆಮನೆಯ ಕಿಡಿ ಅಲ್ಲಿಗೆ ತಲಪದಂತಿರಬೇಕು. ಮೊಳೆಯ ತೂತುಗಳನ್ನು ತಗಡಿನ ಉಬ್ಬಿನಲ್ಲಿಯೇ ಕೊರೆಯತಕ್ಕದ್ದು; ತಗ್ಗಿನಲ್ಲಿ ಕೊರೆದರೆ ನೀರು ಅಲ್ಲಿಯೇ ಒಳಗಿಳಿಯುವುದು.

ಹಳೆಯ ಕಟ್ಟಡಗಳಿಂದ ಕಳಚಿದ ಕಲ್ನಾರಿನ ಹೊದಿಕೆಯನ್ನು ಅಗ್ಗವೆಂದು ಕೊಂಡುತರುವವರಿದ್ದಾರೆ. ಇದನ್ನು ಕೊಯ್ದಾಗ, ಒಡೆದಾಗ ಏಳುವ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ, ಬಹು ವರ್ಷಗಳ ತರುವಾಯ ಕ್ಯಾನ್ಸರ್ ರೋಗವನ್ನು ಉಂಟುಮಾಡಬಲ್ಲವು. ಎಷ್ಟು ಕಡಿಮೆ ಬೆಲೆಗೆ ಬಂದರೂ ಇದನ್ನು ಹಿತ್ತಿಲಿಗೆ ತರಬಾರದು.

ಜಂತೆಗೆ ಬಿದಿರನ್ನು ಉಪಯೋಗಿಸುವವರು ಬಲಿತ ಗಳುಗಳನ್ನು ಮಳೆ ನಿಂತ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಬೇಕು. ನೀರಿನಲ್ಲಿ ಅದರ ಪಿಷ್ಟವು ಬಹುಮಟ್ಟಿಗೆ ಕರಗಿಹೋಗುವುದರಿಂದ ಕೊರೆಯುವ ಹುಳುವಿನ ಬಾಧೆ ತಗ್ಗುತ್ತದೆ.

ನೆಲಕ್ಕೆ ನುಣುಪಾದ ಶಹಾಬಾದ್ ಕಲ್ಲು ನೋಟಕ್ಕೆ ಚೆನ್ನ, ಆದರೆ ಗಬ್ಬದ ಹಸು ಅದರ ಮೇಲೆ ಜಾರಿಬಿದ್ದರೆ ನಷ್ಟವು ಕಲ್ಲಿನ ಬೆಲೆಗಿಂತ ಮಿಗಿಲಾದುದು. ಉಳಿಯಿಂದ ಒರಟು ಮಾಡಿದ ಚಪ್ಪಡಿಗಳನ್ನು, ನಲವತ್ತು ಅಂಗುಲಕ್ಕೆ ಒಂದು ಅಂಗುಲದಂತೆ ಗಂಜಲದ ಕಾಲುವೆಯ ಕಡೆಗೆ ಇಳಿಜಾರಾಗಿ ಹಾಸಿ, ಸಂದುಗಳನ್ನು ಸಿಮೆಂಟು ಗಾರೆಯಿಂದ ಮುಚ್ಚಬೇಕು.